ಎರಡು ದ್ರಾಕ್ಷಿ, ಸಾವಿರ ಹೊಲ



ಫ್ರಾನ್ಸ್ ದೇಶದ ಪೂರ್ವ ಭಾಗದಲ್ಲಿ ವೋನ್ ರೊಮಾನೇ ಎಂಬ ಸಣ್ಣ ಊರಿದೆ. ಊರಿನ ಹಿಂದೆ ಇಳಿಜಾರು ಹೊಲಗಳು. ಅಲ್ಲೊಂದು ತಗ್ಗು ಕಲ್ಲಿನ ಗೋಡೆ, ಗೋಡೆಯ ಹತ್ತಿರ ಒಂದು ಕಲ್ಲಿನ ಶಿಲುಬೆ. ಗೋಡೆಯ ಆಚೆಗಿನ ದ್ರಾಕ್ಷಿ ಹೊಲದ ಹೆಸರು ರೊಮಾನೇ ಕೊಂತಿ. ವಿಸ್ತೀರ್ಣ 1.8 ಹೆಕ್ಟೇರ್, ನಮ್ಮ ಲೆಕ್ಕಕ್ಕೆ ನಾಲ್ಕೂವರೆ ಎಕರೆ. ವರ್ಷಕ್ಕೆ ಐದಾರು ಸಾವಿರ ಬಾಟಲಿ ವೈನ್ ಕೊಡುವ ಈ ತುಂಡು ನೆಲ ಜಗತ್ತಿನ ಅತಿ ದುಬಾರಿ ವೈನ್‌ಗಳ ತವರು. ಅಲ್ಲಿಂದ ಇಳಿಜಾರಿನಲ್ಲಿ ಕೆಳಗಿಳಿದು, ಊರು ದಾಟಿ, ಹೆದ್ದಾರಿ ದಾಟಿ ಆಚೆ ಹೋದರೆ ಅಲ್ಲೂ ಅದೇ ದ್ರಾಕ್ಷಿ, ಅದೇ ಮಳೆ, ಅದೇ ಬಿಸಿಲು. ಆದರೆ ಆ ಹೊಲದ ವೈನ್ ಸಾಧಾರಣ ಸಂಸಾರಸ್ಥರು ಭಾನುವಾರದ ಊಟಕ್ಕೆ ತರಿಸಿಕೊಳ್ಳುವಂಥದ್ದು. ನಡುವಿನ ದೂರ ಅರ್ಧ ಗಂಟೆಯ ನಡಿಗೆಯೂ ಇಲ್ಲ.

ಇಷ್ಟು ಹತ್ತಿರದಲ್ಲಿ ಇಷ್ಟೊಂದು ಅಂತರ ಹೇಗೆ ಹುಟ್ಟಿತು? ಈ ಪ್ರಶ್ನೆಯನ್ನು ಹಿಡಿದುಕೊಂಡೇ ಇವತ್ತು ನಿಮ್ಮನ್ನು ಬರ್ಗಂಡಿ ಎಂಬ ಸೀಮೆಗೆ ಕರೆದೊಯ್ಯಬೇಕೆಂದಿದ್ದೇನೆ.

ನಾನು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಒಂದು ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ. ಅಪ್ಪನಿಗೆ ಮೂರು ಕಡೆ ಹೊಲ. ಒಂದು ಎರೆ, ಒಂದು ಮಸಾರಿ, ಇನ್ನೊಂದು ಹಳ್ಳದ ದಂಡೆಯದು. ಮೂರಕ್ಕೂ ಒಂದೇ ತಳಿ ಹಚ್ಚಿದ್ದರೂ ಹಣ್ಣು ಕೈಗೆ ಬಂದಾಗ ಅಪ್ಪ ಒಂದೊಂದು ಕಾಳು ಬಾಯಿಗೆ ಹಾಕಿಕೊಂಡು, ಇದು ಯಾವ ಹೊಲದ್ದು ಎಂದು ಹೇಳುತ್ತಿದ್ದರು. ನಾನು ಬೆರಗಾಗಿ ಕೇಳಿದರೆ, “ಮಣ್ಣು ಬ್ಯಾರೆ ಆದ್ರ ಹಣ್ಣು ಬ್ಯಾರೆ ಆಗತೈತಿ ತಂಗಿ, ಅದರಾಗೇನು ಐತಿ?” ಎನ್ನುತ್ತಿದ್ದರು. ಅಪ್ಪನಿಗೆ ಅದು ದಿನದ ಮಾತು. ಬರ್ಗಂಡಿಯ ಜನ ಅದೇ ಮಾತನ್ನು ಸುಮಾರು ಒಂಬೈನೂರು ವರ್ಷ ಬಿಡದೆ ಹಿಂಬಾಲಿಸಿಕೊಂಡು ಹೋದರು.

ಮೊದಲು ಸೀಮೆಯ ಪರಿಚಯ. ಬರ್ಗಂಡಿಯ ದ್ರಾಕ್ಷಿ ನಾಡು ಒಂದೇ ತೆಕ್ಕೆಗೆ ಸಿಗುವಂಥದ್ದಲ್ಲ. ಉತ್ತರದಲ್ಲಿ, ಉಳಿದ ಭಾಗಕ್ಕಿಂತ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಷಾಬ್ಲಿ ಎಂಬ ಊರು ಒಂಟಿಯಾಗಿದೆ. ದಿಜೋನ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಉದ್ದಕ್ಕೆ ಒಂದು ಇಳಿಜಾರು ಸಾಲು. ಅದರ ಹೆಸರು ಕೋಟ್ ದೋರ್, ಇದೇ ಬರ್ಗಂಡಿಯ ಹೃದಯ. ಇದರ ಉತ್ತರಾರ್ಧ ಕೋಟ್ ದ ನುಯಿ, ಹೆಚ್ಚಾಗಿ ಕೆಂಪು ವೈನಿನ ನೆಲ. ದಕ್ಷಿಣಾರ್ಧ ಕೋಟ್ ದ ಬೋನ್, ಅಲ್ಲಿ ಕೆಂಪೂ ಉಂಟು, ಹೆಸರಾಂತ ಬಿಳಿಯೂ ಉಂಟು. ಅದರ ಕೆಳಗೆ ಕೋಟ್ ಷಾಲೊನೇಜ್, ಕೊನೆಗೆ ಮಾಕೋನ್ ಸೀಮೆ.

ಇಷ್ಟೆಲ್ಲಾ ನೆಲದಲ್ಲಿ ಮುಖ್ಯವಾಗಿ ಬೆಳೆಯುವ ದ್ರಾಕ್ಷಿ ಎರಡೇ. ಬಿಳಿ ವೈನಿಗೆ ಷಾರ್ಡೊನೇ, ಕೆಂಪು ವೈನಿಗೆ ಪಿನೋ ನ್ವಾರ್. ನೆಟ್ಟ ಗಿಡಗಳಲ್ಲಿ ಅರ್ಧದಷ್ಟು ಷಾರ್ಡೊನೇ, ಹತ್ತರಲ್ಲಿ ನಾಲ್ಕು ಪಾಲಿನಷ್ಟು ಪಿನೋ. ಉಳಿದ ಚೂರುಪಾರಿನಲ್ಲಿ ಅಲಿಗೊಟೇ ಎಂಬ ಬಿಳಿ ತಳಿ, ಗಮೇ ಎಂಬ ಕಪ್ಪು ತಳಿ. ಬೇರೆ ಸೀಮೆಗಳಲ್ಲಿ ನಾಲ್ಕೈದು ತಳಿಗಳ ರಸ ಬೆರೆಸಿ ವೈನ್ ಮಾಡುವುದುಂಟು. ಬರ್ಗಂಡಿಯಲ್ಲಿ ಆ ರೂಢಿ ಕಡಿಮೆ. ಸಾಮಾನ್ಯವಾಗಿ ಒಂದು ಬಾಟಲಿಗೆ ಒಂದೇ ತಳಿ. ಹೀಗಾಗಿ ಎರಡು ವೈನ್‌ಗಳ ರುಚಿ ಬೇರೆಯಾದರೆ ಅದನ್ನು ದ್ರಾಕ್ಷಿಯ ಲೆಕ್ಕಕ್ಕೆ ಬರೆಯುವಂತಿಲ್ಲ. ನೆಲವನ್ನು ಕೇಳಬೇಕು, ಆ ವರ್ಷದ ಹವೆಯನ್ನು ಕೇಳಬೇಕು, ಬೆಳೆದವನ ಕೈಯನ್ನು ಕೇಳಬೇಕು.

ಪಿನೋ ನ್ವಾರ್ ಗೊಂಚಲನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಅದು ಅಂಗೈ ಮೀರಿ ಹೊರಗೆ ಬರುವುದಿಲ್ಲ. ಕಾಳುಗಳು ಚಿಕ್ಕವು, ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಗೊಂಚಲು ಪೈನ್ ಮರದ ಕಾಯಿಯ ಹಾಗೆ ಕಾಣುವುದರಿಂದಲೇ ಪಿನೋ ಎಂಬ ಹೆಸರು ಬಂತೆನ್ನುತ್ತಾರೆ. ಸಿಪ್ಪೆ ತೆಳು. ಗಾಳಿಯಾಡಲು ಜಾಗವಿಲ್ಲದ ಗೊಂಚಲಾದ್ದರಿಂದ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕೊಳೆ ಬೇಗ ಹತ್ತುತ್ತದೆ. ವಸಂತದಲ್ಲಿ ಬೇಗ ಚಿಗುರುವುದರಿಂದ ಹಿಮದ ಕಾಟವೂ ಇದಕ್ಕೆ ಹೆಚ್ಚು. ಬೆಳೆಯುವವನ ನಿದ್ದೆ ಕೆಡಿಸುವ ಗಿಡ ಇದು.

ಇದನ್ನು ಹಿಂಡಿದರೆ ಬರುವ ರಸಕ್ಕೆ ಬಣ್ಣವೇ ಇಲ್ಲ. ಕೆಂಪು ಇರುವುದು ಸಿಪ್ಪೆಯಲ್ಲಿ. ಆದ್ದರಿಂದ ಒಡೆದ ಹಣ್ಣನ್ನು ಸಿಪ್ಪೆಯ ಸಮೇತ ತೊಟ್ಟಿಯಲ್ಲಿ ಎರಡು ಮೂರು ವಾರ ಬಿಡುತ್ತಾರೆ. ಹುದುಗು ಎದ್ದಾಗ ಸಿಪ್ಪೆಗಳೆಲ್ಲ ಮೇಲೆ ಬಂದು ದಪ್ಪ ಕೆನೆಯ ಹಾಗೆ ಕಟ್ಟಿಕೊಳ್ಳುತ್ತವೆ. ಅದನ್ನು ದಿನವೂ ರಸದೊಳಕ್ಕೆ ಅದುಮಬೇಕು. ಹಿಂದೆ ಆಳುಗಳೇ ತೊಟ್ಟಿಗೆ ಇಳಿದು ಕಾಲಿನಿಂದ ತುಳಿಯುತ್ತಿದ್ದರು. ಈಗ ಕೋಲಿನಿಂದಲೋ ಯಂತ್ರದಿಂದಲೋ ಅದುಮುತ್ತಾರೆ. ಸಿಪ್ಪೆ ತೆಳುವಾದ್ದರಿಂದ ಬಣ್ಣ ಗಾಢವಾಗುವುದಿಲ್ಲ, ಲೋಟದ ಆಚೆ ಹಿಡಿದ ಬೆರಳು ಕಾಣುತ್ತದೆ. ಹೊಸದರಲ್ಲಿ ಚೆರಿ ಹಣ್ಣಿನ ಪರಿಮಳ, ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಮಳೆ ನಿಂತ ಕಾಡಿನ ತರಗೆಲೆ ಮತ್ತು ಅಣಬೆಯ ವಾಸನೆ.

ಈಗ ನೆಲದ ಮಾತು. ಕೋಟ್ ದ ಬೋನ್‌ನಲ್ಲಿ ಪೊಮಾರ್ ಮತ್ತು ವೋಲ್ನೇ ಎಂಬ ಎರಡು ಊರುಗಳಿವೆ. ಒಂದರ ಸೀಮೆ ಮುಗಿದಲ್ಲಿ ಇನ್ನೊಂದರದು ಶುರು. ಎರಡೂ ಕಡೆ ಬೆಳೆಯುವುದು ಪಿನೋ. ಪೊಮಾರಿನಲ್ಲಿ ಜಿಗುಟು ಮಣ್ಣು ಹೆಚ್ಚು, ಕೆಲವೆಡೆ ಕಬ್ಬಿಣದ ಅಂಶದಿಂದ ಕೆಂಪಾಗಿದೆ. ಅಲ್ಲಿನ ವೈನ್ ಗಟ್ಟಿ, ಹೊಸದರಲ್ಲಿ ಒಗರು, ಕಾಯಬೇಕು. ವೋಲ್ನೇಯಲ್ಲಿ ಮಣ್ಣು ಹಗುರ, ಸುಣ್ಣಕಲ್ಲು ಮೇಲೇ ಇದೆ. ಅಲ್ಲಿನ ವೈನ್ ಮೃದು, ಪರಿಮಳ ಮುಂದಾಗಿ ಬರುತ್ತದೆ. ಅಣ್ಣತಮ್ಮಂದಿರು ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಬೇರೆ ಬೇರೆ ಸ್ವಭಾವ ಪಡೆದ ಹಾಗೆ.

ಅದೇ ಇಳಿಜಾರನ್ನು ಕೆಳಗಿನಿಂದ ಮೇಲಕ್ಕೆ ಹತ್ತಿ ನೋಡೋಣ. ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಮಣ್ಣು ಆಳ, ನೀರು ನಿಲ್ಲುತ್ತದೆ, ಬಳ್ಳಿ ಉಂಡು ಸೊಕ್ಕುತ್ತದೆ. ಅಲ್ಲಿಯ ವೈನಿಗೆ ಇಡೀ ಸೀಮೆಯ ಹೆಸರು, ಬರಿದೇ ಬರ್ಗಂಡಿ. ಸ್ವಲ್ಪ ಮೇಲೆ ಹೋದರೆ ಊರಿನ ಹೆಸರು ಸಿಗುತ್ತದೆ. ಇನ್ನೂ ಹತ್ತಿದರೆ ಪ್ರೆಮಿಯೇ ಕ್ರ್ಯು, ಎಂದರೆ ಮೊದಲ ದರ್ಜೆಯ ಹೊಲ. ನಟ್ಟ ನಡುವೆ ಗ್ರಾಂ ಕ್ರ್ಯು, ಮಹಾ ಹೊಲ. ಅಲ್ಲಿ ನೀರು ಬಸಿದು ಹೋಗುತ್ತದೆ, ಪೂರ್ವಕ್ಕೆ ಮುಖ ಮಾಡಿದ ನೆಲಕ್ಕೆ ಬೆಳಗಿನ ಎಳೆಬಿಸಿಲು ನೇರ ತಾಗುತ್ತದೆ, ಬೇರು ಸುಣ್ಣಕಲ್ಲಿನ ಬಿರುಕು ಹುಡುಕಿಕೊಂಡು ಇಳಿಯುತ್ತದೆ. ಅದಕ್ಕೂ ಮೇಲೆ ಹೋದರೆ ಮಣ್ಣು ತೆಳು, ಗಾಳಿ ಚಳಿ, ದರ್ಜೆ ಮತ್ತೆ ಇಳಿಯುತ್ತದೆ. ಗ್ರಾಂ ಕ್ರ್ಯು ಎನಿಸಿಕೊಂಡವು ಇಡೀ ಬರ್ಗಂಡಿಯಲ್ಲಿ 33 ಮಾತ್ರ.

ಇಂಥ ಒಂದೊಂದು ಹೊಲವನ್ನೂ ಅಲ್ಲಿಯವರು ಕ್ಲಿಮಾ ಎನ್ನುತ್ತಾರೆ. ಬೇರೆ ಫ್ರೆಂಚರಿಗೆ ಆ ಪದದ ಅರ್ಥ ಹವಾಮಾನ. ಬರ್ಗಂಡಿಯವರಿಗೆ ಅದು ಹೆಸರಿಟ್ಟು ಎಲ್ಲೆ ಗುರುತಿಸಿದ ಹೊಲ. ಕೋಟ್ ದೋರ್ ಸಾಲಿನ 1247 ಕ್ಲಿಮಾಗಳನ್ನು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಬಾಟಲಿಯ ಚೀಟಿಯ ಮೇಲೆ ಸಾಮಾನ್ಯವಾಗಿ ದ್ರಾಕ್ಷಿಯ ಹೆಸರೇ ಇರುವುದಿಲ್ಲ, ಹೊಲದ ಇಲ್ಲವೇ ಊರಿನ ಹೆಸರು ಇರುತ್ತದೆ. ಹೊಲದ ಹೆಸರಿಗೆ ಅಲ್ಲಿ ಎಷ್ಟು ಮರ್ಯಾದೆ ಎಂದರೆ, ಜೆವ್ರೇ ಎಂಬ ಊರು 1847ರಲ್ಲಿ ತನ್ನ ಹೆಸರಾಂತ ಹೊಲ ಷಾಂಬರ್ತಾಂ ಹೆಸರನ್ನು ತನಗೇ ಸೇರಿಸಿಕೊಂಡು ಜೆವ್ರೇ ಷಾಂಬರ್ತಾಂ ಆಯಿತು. ಆಮೇಲೆ ಒಂದೊಂದಾಗಿ ಬೇರೆ ಊರುಗಳೂ ಹಾಗೇ ಮಾಡಿದವು. ಮೊಂರಾಷೇ ಎಂಬ ಎಂಟು ಹೆಕ್ಟೇರಿನ ಬಿಳಿ ದ್ರಾಕ್ಷಿಯ ಹೊಲ ಎರಡು ಊರುಗಳ ಗಡಿಯಲ್ಲಿ ಹರಡಿಕೊಂಡಿದೆ. ಪ್ಯುಲಿನೀ, ಷಸಾನ್ಯ್ ಎಂಬ ಆ ಎರಡೂ ಊರುಗಳು ತಮ್ಮ ಹೆಸರಿನ ಕೊನೆಗೆ ಮೊಂರಾಷೇ ಎಂದು ಬರೆದುಕೊಳ್ಳುತ್ತವೆ.

ಮೊಂರಾಷೇ ಎಂದಾಗ ಷಾರ್ಡೊನೇಯ ಮಾತಿಗೆ ಬರಬೇಕು. ಪಿನೋ ಹಠಮಾರಿಯಾದರೆ ಷಾರ್ಡೊನೇ ಹೊಂದಿಕೊಂಡು ಹೋಗುವ ಗಿಡ. ತನ್ನದೇ ಪರಿಮಳ ಅಷ್ಟಾಗಿ ಇಲ್ಲದ್ದರಿಂದ ನೆಲ ಕೊಟ್ಟದ್ದನ್ನೂ ಕೆಲಸಗಾರ ಕೊಟ್ಟದ್ದನ್ನೂ ಮರೆಮಾಚದೆ ತೋರಿಸುತ್ತದೆ. ಇದಕ್ಕೆ ಎರಡು ಊರುಗಳ ಸಾಕ್ಷಿ ಸಾಕು.

ಒಂದು, ಉತ್ತರದ ಷಾಬ್ಲಿ. ಅಲ್ಲಿನ ನೆಲ ಹದಿನೈದು ಕೋಟಿ ವರ್ಷದ ಹಿಂದೆ ಸಮುದ್ರದ ತಳವಾಗಿತ್ತು. ಇಳಿಜಾರಿನಲ್ಲಿ ಒಂದು ಹೆಂಟೆ ಎತ್ತಿಕೊಂಡು ಒಡೆದು ನೋಡಿದರೆ ಒಳಗೆ ಉಗುರಿನಷ್ಟು ಚಿಕ್ಕ, ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಸಿಂಪಿಗಳು ಕಲ್ಲಾಗಿ ಕೂತಿವೆ. ಅಲ್ಲಿ ಚಳಿ ಹೆಚ್ಚು, ಹಣ್ಣಿನಲ್ಲಿ ಹುಳಿ ಉಳಿಯುತ್ತದೆ. ಬಹಳಷ್ಟು ಮಂದಿ ಅಲ್ಲಿ ವೈನನ್ನು ಉಕ್ಕಿನ ತೊಟ್ಟಿಯಲ್ಲೇ ಮಾಡುತ್ತಾರೆ. ಹಸಿ ಸೇಬು, ನಿಂಬೆ, ಕಲ್ಲಿಗೆ ಕಲ್ಲು ತಿಕ್ಕಿದಾಗ ಏಳುವಂಥ ವಾಸನೆ, ಇದು ಷಾಬ್ಲಿಯ ಗುರುತು.

ಇನ್ನೊಂದು, ಕೋಟ್ ದ ಬೋನ್‌ನ ಮೆರ್ಸೋ. ಅಲ್ಲಿ ಹಿಂಡಿದ ರಸ ಸೀದಾ 228 ಲೀಟರಿನ ಓಕ್ ಮರದ ಪೀಪಾಯಿಗೆ ಹೋಗುತ್ತದೆ. ಹುದುಗೆದ್ದು ಮುಗಿದ ಮೇಲೆ ತಳದಲ್ಲಿ ಕೂತ ಗಸಿಯನ್ನು ಆಗಾಗ ಕೋಲಿನಿಂದ ಕದಡುತ್ತಾರೆ. ಅದರಿಂದ ವೈನಿಗೆ ಮೈ ಬರುತ್ತದೆ. ಈ ನಡುವೆ ಇನ್ನೊಂದು ಕೆಲಸ ತಾನಾಗಿ ನಡೆಯುತ್ತದೆ. ಹಸಿ ಸೇಬಿನಲ್ಲಿರುವ ಚುರುಕು ಹುಳಿಯನ್ನು ಸೂಕ್ಷ್ಮಜೀವಿಗಳು ಮೊಸರಿನಲ್ಲಿರುವ ಸೌಮ್ಯ ಹುಳಿಯನ್ನಾಗಿ ಮಾರ್ಪಡಿಸುತ್ತವೆ. ಹೀಗೆ ಬೆಣ್ಣೆಯ ನುಣುಪು, ಹುರಿದ ಬೀಜದ ಸೊಗಡು ಮೆರ್ಸೋಗೆ ಬರುತ್ತದೆ. ದ್ರಾಕ್ಷಿ ಒಂದೇ, ಷಾಬ್ಲಿಯದನ್ನು ಕುಡಿದವರು ಮೆರ್ಸೋದು ಬೇರೆ ಜಾತಿಯೆಂದೇ ತಿಳಿಯುತ್ತಾರೆ.

ಷಾಬ್ಲಿಯ ಬೆಳೆಗಾರರ ಒಂದು ರಾತ್ರಿಯ ಕೆಲಸವನ್ನು ನಮ್ಮ ರೈತರಿಗೆ ಹೇಳಲೇಬೇಕು. ಏಪ್ರಿಲ್ ತಿಂಗಳಲ್ಲಿ ಚಿಗುರು ಒಡೆದಾಗ ಹಿಮ ಬಿದ್ದರೆ ವರ್ಷದ ಬೆಳೆ ಒಂದೇ ರಾತ್ರಿಗೆ ಹೋಯಿತು. ಆಗ ಕೆಲವರು ಸಾಲುಗಳ ನಡುವೆ ನೂರಾರು ಮೇಣದ ಡಬ್ಬಿಗಳನ್ನು ಹೊತ್ತಿಸುತ್ತಾರೆ. ಇನ್ನು ಕೆಲವರು ಚಿಗುರಿನ ಮೇಲೆ ನೀರು ಚಿಮುಕಿಸುತ್ತಾರೆ. ಕೊರೆಯುವ ಚಳಿಯಲ್ಲಿ ನೀರೇ? ನೀರು ಗಡ್ಡೆ ಕಟ್ಟುವಾಗ ತನ್ನೊಳಗಿನ ಶಾಖ ಬಿಟ್ಟುಕೊಡುತ್ತದೆ. ಆ ಶಾಖದಿಂದ ಒಳಗಿನ ಚಿಗುರು ಸೊನ್ನೆ ಡಿಗ್ರಿಗಿಂತ ತೀರ ಕೆಳಗಿಳಿಯದೆ ಉಳಿಯುತ್ತದೆ. ಆದರೆ ಬಿಸಿಲು ಏರುವವರೆಗೆ ನೀರು ನಿಲ್ಲಿಸುವಂತಿಲ್ಲ. ಬೆಳಗಾದಾಗ ಪ್ರತಿ ಚಿಗುರೂ ಗಾಜಿನ ಗುಂಡಿನೊಳಗೆ ಕೂತ ಹಾಗೆ ಹೊಳೆಯುತ್ತಿರುತ್ತದೆ. 2021ರ ಏಪ್ರಿಲ್‌ನಲ್ಲಿ ಬಿದ್ದ ಹಿಮ ಇಷ್ಟೆಲ್ಲ ಮಾಡಿದರೂ ಬಹಳ ಹೊಲಗಳನ್ನು ಸುಟ್ಟುಹಾಕಿತು.

ಇನ್ನು ಗಮೇ ಮತ್ತು ಅಲಿಗೊಟೇ ಎಂಬ ಆ ಎರಡು ಸಣ್ಣ ತಳಿಗಳ ಕಥೆ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಒಂದು ಆಜ್ಞೆ ಹೊರಡಿಸಿದ. ಗಮೇ ದ್ರಾಕ್ಷಿ ದ್ರೋಹಿ ಗಿಡ, ಅದನ್ನು ಕಿತ್ತುಹಾಕಿ ಎಂದ. ಗಮೇ ಬೇಗ ಹಣ್ಣಾಗುತ್ತದೆ, ಯಥೇಚ್ಛ ಫಸಲು ಕೊಡುತ್ತದೆ. ಬಡ ರೈತನಿಗೆ ಅದು ದೇವರು ಕೊಟ್ಟ ಗಿಡ. ದೊರೆಗೆ ತನ್ನ ಸೀಮೆಯ ವೈನಿನ ಹೆಸರು ಕೆಡುವ ಚಿಂತೆ. ಕಾಲಕ್ರಮದಲ್ಲಿ ಗಮೇ ಬರ್ಗಂಡಿಯ ದಕ್ಷಿಣಕ್ಕಿರುವ ಬೋಜೊಲೇ ಬೆಟ್ಟಗಳಲ್ಲಿ ನೆಲೆ ಕಂಡಿತು. ಸುಣ್ಣದ ನೆಲದಲ್ಲಿ ಸಪ್ಪೆ ಎನಿಸಿಕೊಂಡ ಅದೇ ಗಿಡ ಬೋಜೊಲೇಯ ಗ್ರಾನೈಟ್ ನೆಲದಲ್ಲಿ ಹಣ್ಣಿನ ಘಮ ತುಂಬಿದ ಲವಲವಿಕೆಯ ವೈನ್ ಕೊಟ್ಟಿತು.

ಅಲಿಗೊಟೇಯನ್ನೂ ಬಹುಕಾಲ ಎರಡನೆಯ ಪಂಕ್ತಿಯಲ್ಲೇ ಕೂರಿಸಿದ್ದರು. ಹುಳಿ ಮುಂದಾದ ವೈನ್ ಅದು. ಕರಿ ದ್ರಾಕ್ಷಿಯಂತೆ ಕಾಣುವ ಕಸಿಸ್ ಹಣ್ಣಿನ ಸಿಹಿ ಮದ್ಯದೊಂದಿಗೆ ಬೆರೆಸಿ ಅತಿಥಿಗಳಿಗೆ ಕೊಡುತ್ತಿದ್ದರು. ದಿಜೋನ್ ನಗರದ ಮೇಯರ್ ಆಗಿದ್ದ ಪಾದ್ರಿ ಫೆಲಿಕ್ಸ್ ಕೀರ್ ಅದನ್ನು ಎಲ್ಲರಿಗೂ ಕೊಟ್ಟು ಕೊಟ್ಟು, ಆ ಪಾನೀಯಕ್ಕೆ ಕೀರ್ ಎಂದೇ ಹೆಸರು ನಿಂತಿತು. ಈಗ ಬುಝರೋನ್ ಎಂಬ ಊರಿಗೆ ಅಲಿಗೊಟೇಯಿಂದಲೇ ತನ್ನ ಹೆಸರಿನ ವೈನ್ ಮಾಡುವ ಮಾನ್ಯತೆ ಇದೆ.

1999ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಈ ಗಿಡಗಳ ಡಿಎನ್‌ಎ ಪರೀಕ್ಷಿಸಿದಾಗ ಒಂದು ಸತ್ಯ ಹೊರಬಿತ್ತು. ಷಾರ್ಡೊನೇ, ಗಮೇ, ಅಲಿಗೊಟೇ ಮೂರೂ ಒಡಹುಟ್ಟಿದವರು. ಒಂದು ಕಡೆಯಿಂದ ಪಿನೋ, ಇನ್ನೊಂದು ಕಡೆಯಿಂದ ಗುವೇ ಬ್ಲಾಂ ಎಂಬ, ಎಲ್ಲರೂ ಕೀಳೆಂದು ತಳ್ಳಿದ್ದ ಹಳ್ಳಿಗಾಡಿನ ದ್ರಾಕ್ಷಿ. ದೊರೆ ಯಾವುದನ್ನು ದ್ರೋಹಿ ಎಂದು ಅಟ್ಟಿದನೋ, ಲೋಕ ಯಾವುದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತದೋ, ಎರಡೂ ಒಂದೇ ಮನೆಯ ಮಕ್ಕಳು. ಆ ಮನೆಯಲ್ಲಿ ಯಾರೂ ಲೆಕ್ಕಕ್ಕಿಡದ ಗುವೇ ಬ್ಲಾಂ ಇಲ್ಲದಿದ್ದರೆ ಮೊಂರಾಷೇಯೂ ಇರುತ್ತಿರಲಿಲ್ಲ. ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

ಹಾಗಾದರೆ ಹೊಲಹೊಲದ ಈ ವ್ಯತ್ಯಾಸವನ್ನು ಮೊದಲು ಗುರುತಿಸಿದವರು ಯಾರು? ದೊಡ್ಡ ಪಾಲು ಸನ್ಯಾಸಿಗಳದು. 1098ರಲ್ಲಿ ಸ್ಥಾಪನೆಯಾದ ಸಿತೋ ಮಠದವರು ವೂಜೋ ಎಂಬಲ್ಲಿ ದಾನವಾಗಿ ಬಂದ, ಕೊಂಡುಕೊಂಡ ತುಂಡುಗಳನ್ನು ಕೂಡಿಸಿ ಸುತ್ತ ಗೋಡೆ ಕಟ್ಟಿದರು. ಸುಮಾರು 50 ಹೆಕ್ಟೇರಿನ ಆ ತೋಟವೇ ಕ್ಲೋ ದ ವೂಜೋ. ಮಠಕ್ಕೆ ಸಾವಿಲ್ಲ. ಒಬ್ಬ ಸನ್ಯಾಸಿ ಕಂಡದ್ದನ್ನು ಮುಂದಿನವನು ಮುಂದುವರಿಸುತ್ತಿದ್ದ. ಯಾವ ಮೂಲೆಯ ಹಿಮ ಮೊದಲು ಕರಗುತ್ತದೆ, ಯಾವ ಸಾಲಿನ ಹಣ್ಣು ಮೊದಲು ಮಾಗುತ್ತದೆ ಎಂಬುದು ತಲೆಮಾರುಗಳ ತಿಳಿವಳಿಕೆಯಾಗಿ ಕೂಡಿಕೊಂಡಿತು.

ಫ್ರೆಂಚ್ ಕ್ರಾಂತಿ ಬಂದು ಮಠದ ಆಸ್ತಿ ಹರಾಜಾಯಿತು. 1804ರ ನೆಪೋಲಿಯನ್ ಕಾನೂನು ಎಲ್ಲ ಮಕ್ಕಳಿಗೂ ಸಮಪಾಲು ಎಂದಿತು. ಪಾಲಿನ ಮೇಲೆ ಪಾಲಾಗಿ ಹೊಲಗಳು ಸೀಳಿಹೋದವು. ಕ್ಲೋ ದ ವೂಜೋ ಗೋಡೆಯೊಳಗೆ ಇಂದು ಸುಮಾರು ಎಂಬತ್ತು ಮಂದಿ ಒಡೆಯರಿದ್ದಾರೆ, ಕೆಲವರದು ನಾಲ್ಕಾರು ಸಾಲು ಗಿಡ ಅಷ್ಟೆ. ಪಾಲಾದರೂ ಹೊಲದ ಹೆಸರು ಮಾತ್ರ ಅಳಿಯಲಿಲ್ಲ, ಎಲ್ಲೆ ಕದಲಲಿಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲದ ಹೆಸರೂ ಮರೆತುಹೋಗಿ ಸರ್ವೆ ನಂಬರ್ ಮಾತ್ರ ಉಳಿಯುವುದನ್ನು ಕಂಡಿರುವ ನಮಗೆ ಇದು ಸಣ್ಣ ಸಂಗತಿಯಲ್ಲ.

ಬೋನ್ ಪಟ್ಟಣದ ಧರ್ಮಾಸ್ಪತ್ರೆಯನ್ನೂ ನೆನೆಯಬೇಕು. 1443ರಲ್ಲಿ ಬರ್ಗಂಡಿಯ ಆಗಿನ ದೊರೆಯ ಪ್ರಧಾನಿ ನಿಕೊಲಾ ರೊಲಾಂ ಮತ್ತು ಅವನ ಹೆಂಡತಿ ಗಿಗೋನ್ ಬಡ ರೋಗಿಗಳಿಗಾಗಿ ಅದನ್ನು ಕಟ್ಟಿಸಿದರು. ಜನ ಪುಣ್ಯಕ್ಕಾಗಿ ಅದಕ್ಕೆ ಹೊಲಗಳನ್ನು ಬಿಟ್ಟುಕೊಟ್ಟರು. ಆ ಹೊಲಗಳ ಹೊಸ ವೈನ್ 1859ರಿಂದ ನವೆಂಬರ್ ತಿಂಗಳಲ್ಲಿ ಪೀಪಾಯಿ ಲೆಕ್ಕದಲ್ಲಿ ಹರಾಜಾಗುತ್ತಿದೆ. ಹಣ ಆಸ್ಪತ್ರೆಗೆ.

ಈ ಸೀಮೆಗೂ ನಮ್ಮ ತೋಟಗಳಿಗೂ ನೆಲದೊಳಗೆ ಒಂದು ನಂಟಿದೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಹುಳು ಫ್ರಾನ್ಸಿನ ದ್ರಾಕ್ಷಿಯ ಬೇರು ಹೀರಿ ಸೀಮೆಗೆ ಸೀಮೆಯನ್ನೇ ಒಣಗಿಸಿತು. 1878ರಲ್ಲಿ ಮೆರ್ಸೋದಲ್ಲಿ ಕಾಣಿಸಿಕೊಂಡಿತು. ಆ ಹುಳುವಿನ ಜೊತೆಗೇ ಬಾಳಿ ಬಂದ ಅಮೆರಿಕದ ಕಾಡುಬಳ್ಳಿಯ ಬೇರಿಗೆ ಫ್ರೆಂಚ್ ಕಡ್ಡಿ ಕಸಿ ಕಟ್ಟುವುದೊಂದೇ ದಾರಿಯಾಯಿತು. ಬರ್ಗಂಡಿಯವರು 1887ರವರೆಗೆ ಅದಕ್ಕೆ ಒಪ್ಪಲಿಲ್ಲ, ನೆಲದ ರುಚಿ ಕೆಡುತ್ತದೆಂಬ ಅಂಜಿಕೆ. ರೊಮಾನೇ ಕೊಂತಿ ಹೊಲದಲ್ಲಂತೂ ಸ್ವಂತ ಬೇರಿನ ಹಳೆಯ ಗಿಡಗಳನ್ನು 1945ರ ತನಕ ಸಾಕಿದರು. ಕೊನೆಯ ಆ ವರ್ಷ ಬಂದದ್ದು ಸುಮಾರು 600 ಬಾಟಲಿ. 1947ರಲ್ಲಿ ಕಸಿ ಗಿಡ ನೆಟ್ಟರು.

ಕಾಡುಬಳ್ಳಿಗಳನ್ನು ಹುಡುಕಿ ಫ್ರಾನ್ಸಿಗೆ ಕಳಿಸಿದವರಲ್ಲಿ ಟೆಕ್ಸಾಸಿನ ಟಿ. ವಿ. ಮನ್ಸನ್ ಪ್ರಮುಖ. 1888ರಲ್ಲಿ ಫ್ರೆಂಚ್ ಸರಕಾರ ಅವನನ್ನು ಸನ್ಮಾನಿಸಿತು. ಅದೇ ಮನ್ಸನ್ ಟೆಕ್ಸಾಸಿನಲ್ಲಿ ಗುರುತಿಸಿದ ಇನ್ನೊಂದು ಬಳ್ಳಿಯ ಹೆಸರು ಡಾಗ್‌ರಿಜ್. ವಿಜಯಪುರ, ಬಾಗಲಕೋಟೆಯ ರೈತರಿಗೆ ಈ ಹೆಸರು ಮನೆಮಾತು. ಉಪ್ಪು ನೀರನ್ನೂ ಬರವನ್ನೂ ತಡೆದುಕೊಳ್ಳಲಿ ಎಂದು ನಾವು ಥಾಮ್ಸನ್ ದ್ರಾಕ್ಷಿಯನ್ನು ಕಸಿ ಕಟ್ಟುವುದು ಇದೇ ಡಾಗ್‌ರಿಜ್ ಬೇರಿಗೆ. ಬರ್ಗಂಡಿಯ ಬೇರಿನ ಜಾತಿ ಬೇರೆ. ಆದರೂ ಅಲ್ಲಿಯ ಗಿಡ, ನಮ್ಮ ಗಿಡ ಎರಡೂ ಕಾಲೂರಿರುವುದು ಅಮೆರಿಕದ ಕಾಡಿನ ಮೇಲೆ. ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯೂ ಅಮೆರಿಕದ ಲಾಬ್ರುಸ್ಕಾ ಬಳಗದ್ದೇ.

ನಾನು ಬರ್ಗಂಡಿ ನೋಡಿದ್ದು ಒಂದು ಜನವರಿಯಲ್ಲಿ. ಎಲೆ ಉದುರಿ ಬೋಳಾದ ಗಿಡಗಳ ನಡುವೆ ಜನ ಚಾಟ್ನಿ, ಎಂದರೆ ಕಡ್ಡಿ ಕತ್ತರಿಸುವ ಕೆಲಸ, ಮಾಡುತ್ತಿದ್ದರು. ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಕತ್ತೆತ್ತಿ ಚಪ್ಪರ ನೋಡುತ್ತಾ ಕತ್ತರಿಸುತ್ತೇವೆ. ಅಲ್ಲಿ ಒಂದೇ ಸಲ, ಗಿಡ ಸೊಂಟದೆತ್ತರ, ದಿನವಿಡೀ ಬಗ್ಗಿಯೇ ಇರಬೇಕು. ಹಳೆಯ ಡ್ರಮ್ಮನ್ನು ಸೀಳಿ ಚಕ್ರ ಜೋಡಿಸಿದ ಕೈಗಾಡಿಯಲ್ಲಿ ಕತ್ತರಿಸಿದ ಕಡ್ಡಿಗಳು ಉರಿಯುತ್ತಿದ್ದವು. ಗಾಡಿ ಮುಂದೆ ಸಾಗಿದಂತೆ ನೀಲಿ ಹೊಗೆ ಸಾಲಿನುದ್ದಕ್ಕೂ ಎಳೆದುಕೊಂಡು ಹೋಗುತ್ತಿತ್ತು. ಹೆಕ್ಟೇರಿಗೆ ಹತ್ತು ಸಾವಿರದಷ್ಟು ಗಿಡ. ಒಳ್ಳೆಯ ಹೊಲದಲ್ಲಿ ಒಂದು ಗಿಡದಿಂದ ಸಿಗುವುದು ಅರ್ಧ ಬಾಟಲಿ. ಒಬ್ಬ ಹೆಂಗಸು ಒಂದು ಗಿಡದ ಮುಂದೆ ಕೂತು, ಯಾವ ಕಡ್ಡಿ ಉಳಿಸಲಿ ಎಂದು ನೋಡುತ್ತಲೇ ಇದ್ದರು, ಮನೆಯ ಮಗುವಿನ ತಲೆ ಬಾಚುವಷ್ಟು ತಾಳ್ಮೆಯಿಂದ.

ಆ ತಾಳ್ಮೆಗೆ ಈಗ ಕಷ್ಟಕಾಲ, ಹವೆ ಬಿಸಿಯೇರುತ್ತಿದೆ. ಬೋನ್ ಪಟ್ಟಣದಲ್ಲಿ 1354ರಿಂದ ದ್ರಾಕ್ಷಿ ಕೊಯ್ಲು ಶುರುವಾದ ದಿನದ ದಾಖಲೆ ಸಿಗುತ್ತದೆ. ವಿದ್ವಾಂಸರು ಅದನ್ನು 2018ರವರೆಗೆ ಜೋಡಿಸಿ ನೋಡಿದ್ದಾರೆ. 1987ರವರೆಗೆ ಸರಾಸರಿ ಕೊಯ್ಲಿನ ದಿನ ಸೆಪ್ಟೆಂಬರ್ 28. 1988ರಿಂದ ಈಚೆಗೆ ಅದು 13 ದಿನ ಮೊದಲೇ ಬರುತ್ತಿದೆ. ಆರುನೂರು ವರ್ಷ ನಿಂತ ಲೆಕ್ಕ ನಮ್ಮ ಕಣ್ಣೆದುರಿಗೇ ಅಲುಗಿತು. ಬೇಗ ಚಿಗುರಿದ್ದು ಹಿಮಕ್ಕೆ ಸಿಗುತ್ತದೆ, ಬೇಗ ಮಾಗಿದ್ದು ತನ್ನ ಹುಳಿ ಕಳೆದುಕೊಳ್ಳುತ್ತದೆ. ಯಾವ ಹೊಲ ಮೇಲು ಎಂದು ಸನ್ಯಾಸಿಗಳು ಕೊಟ್ಟ ಉತ್ತರವನ್ನು ಈಗಿನ ಬೆಳೆಗಾರರು ಮತ್ತೆ ಹೊಲಕ್ಕಿಳಿದು ಕಂಡುಕೊಳ್ಳಬೇಕಾಗಿದೆ.

ಅವರು ಕಂಡುಕೊಳ್ಳುತ್ತಾರೆಂಬ ನಂಬಿಕೆ ನನಗಿದೆ. ಕಾರಣ ಹೇಳಿ ಮಾತು ಮುಗಿಸುತ್ತೇನೆ. ಜೋರು ಮಳೆಯಾದಾಗ ಆ ಇಳಿಜಾರುಗಳ ಮಣ್ಣು ಕೊಚ್ಚಿಕೊಂಡು ಹೋಗಿ ಕೆಳಗಿನ ಗೋಡೆಯ ಬುಡದಲ್ಲಿ ನಿಲ್ಲುತ್ತದೆ. ಹಿಂದಿನವರು ಚಳಿಗಾಲದಲ್ಲಿ ಆ ಮಣ್ಣನ್ನು ಬುಟ್ಟಿಗೆ ತುಂಬಿ, ಬೆನ್ನಿಗೆ ಹೊತ್ತು, ಇಳಿಜಾರು ಹತ್ತಿ, ಅದು ಎಲ್ಲಿಂದ ಜಾರಿತ್ತೋ ಅಲ್ಲಿಗೇ ಸುರಿಯುತ್ತಿದ್ದರು. ಹತ್ತಿರದಲ್ಲೇ ಬೇರೆ ಮಣ್ಣು ಬೇಕಾದಷ್ಟಿತ್ತು. ಅವರಿಗೆ ಬೇಕಾದದ್ದು ಆ ಹೊಲದ ಮಣ್ಣು.